ಅಪ್ಪನ ಹೊಟ್ಟೆಯ ಮೇಲಿನ ತಂಬಿಗೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರಿಗೇ ಹೊಟ್ಟೆ ನೋಯಲಿ, ಮೊದಲು ಕರೆ ಬರುತ್ತಿದ್ದುದು ನನ್ನ ಸೋದರತ್ತೆಗೆ. ಅಪ್ಪನ ಅಕ್ಕ ಆಕೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ಅವಳ ಹತ್ತಿರ ಒಂದು ಹಿತ್ತಾಳೆಯ ತಂಬಿಗೆ ಇತ್ತು, ದಪ್ಪ ಕಂಠದ್ದು. ನೋವು ಬಂದವರನ್ನು ಅಂಗಾತ ಮಲಗಿಸುತ್ತಿದ್ದಳು. ಹೊಕ್ಕುಳದ ಮೇಲೆ ಗೋಧಿ ಹಿಟ್ಟಿನ ಪುಟ್ಟ ಹಣತೆ ಇಟ್ಟು, ಎಣ್ಣೆಯಲ್ಲಿ ಅದ್ದಿದ ಬತ್ತಿ ಹಚ್ಚಿ, ಅದು ಚೆನ್ನಾಗಿ ಉರಿಯುತ್ತಿರುವಾಗ ತಂಬಿಗೆಯನ್ನು ಬೋರಲು ಹಾಕಿ ಒತ್ತುತ್ತಿದ್ದಳು. ದೀಪ ಒಳಗೇ ಆರಿಹೋಗುತ್ತಿತ್ತು. ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿಯುತ್ತಿತ್ತು. ಎತ್ತಿ ನೋಡಿದರೆ ಹೊಟ್ಟೆಯ ಚರ್ಮವೂ ಅದರ ಜೊತೆಗೇ ಏಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿ ಕಳಚಿ ಬೀಳುತ್ತಿತ್ತು. ಬಿತ್ತು ಅಂದರೆ ನೋವು ಹೋಯಿತು ಅಂತ ಅರ್ಥ.

ಹೊಕ್ಕುಳದ ನರ ತನ್ನ ಜಾಗ ಬಿಟ್ಟು ಸರಿಯುತ್ತದೆ, ಅದರಿಂದ ಹೊಟ್ಟೆ ನೋಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ‘ಬಟ್ಟಿ ಸರದೈತಿ’ ಅನ್ನುತ್ತಾರೆ. ಅತ್ತೆಯ ಕಾಯಿದೆ ಸರಳವಾಗಿತ್ತು. ತಂಬಿಗೆ ಹಿಡಿಯಿತೋ, ಬಟ್ಟಿ ಸರಿದಿದೆ, ತಂಬಿಗೆಯೇ ಅದನ್ನು ಎಳೆದು ಜಾಗಕ್ಕೆ ತರುತ್ತದೆ. ಹಿಡಿಯಲಿಲ್ಲವೋ, ಬೇರೆ ರೋಗ, ದವಾಖಾನೆಗೆ ಹೋಗಿ. ಆದರೆ ಆಕೆಯ ತಂಬಿಗೆ ಹಿಡಿಯದೆ ಹೋದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹಾಗಾಗಿ ನಮ್ಮ ಓಣಿಯಿಂದ ದವಾಖಾನೆಗೆ ಹೋದವರೂ ಇರಲಿಲ್ಲ.

ತಂಬಿಗೆ ಯಾಕೆ ಹಿಡಿಯುತ್ತದೆ ಎಂಬುದು ನನಗೆ ತಿಳಿದದ್ದು ಸಾಂಗಲಿಯಲ್ಲಿ, ಕಾಲೇಜಿಗೆ ಹೋದಾಗ. ನಾನು ಬಿ.ಎಸ್ಸಿ. ಆದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ನಾಲ್ಕನೆಯ ಇಯತ್ತೆ ದಾಟಿರಲಿಲ್ಲ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನಾನು ಮಠದಲ್ಲಿ ಉಂಡು, ಮರಾಠಿ ಬಾರದೆ ನಗೆಪಾಟಲಾಗಿ, ಇಂಗ್ಲಿಷಿನಲ್ಲಿ ಬಿದ್ದು ಎದ್ದು, ಊರಿಗೆ ಆ ಎರಡು ಅಕ್ಷರಗಳನ್ನು ತಂದಿದ್ದೆ. ಯಾರೂ ಅದನ್ನು ನನಗೆ ಎತ್ತಿ ಕೊಟ್ಟದ್ದಲ್ಲ.

ಕಾಲೇಜಿನಲ್ಲಿ ಒಂದು ದಿನ ಪ್ರೊಫೆಸರರು ಎರಡು ಹಿತ್ತಾಳೆಯ ಬಟ್ಟಲುಗಳನ್ನು ಬಾಯಿಗೆ ಬಾಯಿ ಹಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆ ತೆಗೆದರು. ಆಮೇಲೆ ನನ್ನ ಕಡೆ ನೋಡಿ, “ನೀನು ನೇಕಾರರ ಮನೆಯವನಲ್ಲವೇ? ತೋಳಿನಲ್ಲಿ ಬಲವಿರಬೇಕು, ಬಾ” ಅಂದರು. ಒಂದು ಕಡೆ ನಾನು, ಇನ್ನೊಂದು ಕಡೆ ಒಬ್ಬ ಪೈಲ್ವಾನನಂಥ ಹುಡುಗ ಜಗ್ಗಿದೆವು. ಬಟ್ಟಲುಗಳು ಮಿಸುಕಲಿಲ್ಲ.

“ಯಾರು ಹಿಡಿದಿದ್ದಾರೆ ಹೇಳು?” ಎಂದು ಕೇಳಿದರು.

“ಒಳಗಿನಿಂದ ಏನೋ ಎಳೆಯುತ್ತಿದೆ ಸರ್” ಅಂದೆ.

“ಒಳಗೆ ಏನೂ ಇಲ್ಲ. ಇಲ್ಲದ್ದು ಹೇಗೆ ಎಳೆದೀತು?”

ಇಡೀ ಕ್ಲಾಸು ನಕ್ಕಿತು. ಅವರು ಬಟ್ಟಲಿನ ಸಣ್ಣ ನಳ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಗೆ ಹೋಯಿತು, ಅರ್ಧ ಬಟ್ಟಲು ನನ್ನ ಕೈಗೆ ಬಂತು. ನಾವೆಲ್ಲ ಗಾಳಿಯ ದೊಡ್ಡ ಕೆರೆಯೊಂದರ ತಳದಲ್ಲಿ ಬದುಕುತ್ತಿದ್ದೇವೆ ಎಂದು ಅವರು ಹೇಳಿದರು. ಮೇಲಿನ ಗಾಳಿಯೆಲ್ಲ ನಮ್ಮನ್ನು ಸುತ್ತಲಿಂದಲೂ ಒತ್ತುತ್ತದೆ. ನಮ್ಮ ಮೈಯೊಳಗಿನದು ಅಷ್ಟೇ ಜೋರಿನಿಂದ ಹೊರಕ್ಕೆ ಒತ್ತುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ. ಒಂದು ಕಡೆಯ ಒತ್ತು ತೆಗೆದರೆ ಮಾತ್ರ ಇನ್ನೊಂದು ಕಡೆಯ ಒತ್ತು ಗೊತ್ತಾಗುತ್ತದೆ.

ಅಲ್ಲೇ ನನಗೆ ಅತ್ತೆಯ ತಂಬಿಗೆ ಕಣ್ಣಿಗೆ ಕಟ್ಟಿತು. ದೀಪದ ಬಿಸಿಗೆ ತಂಬಿಗೆಯೊಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ. ದೀಪ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಅದರ ಜೋರು ಕಡಿಮೆಯಾಗುತ್ತದೆ. ಹೊರಗಿನ ಗಾಳಿ ತಂಬಿಗೆಯನ್ನು ಅದುಮುತ್ತದೆ, ಹೊಟ್ಟೆಯ ಒಳಗಿನದು ಚರ್ಮವನ್ನು ತಂಬಿಗೆಯೊಳಗೆ ಉಬ್ಬಿಸುತ್ತದೆ. ಕಂಠದ ಸಂದಿಯಿಂದ ಮೆಲ್ಲಗೆ ಗಾಳಿ ನುಸುಳಿ ಎರಡೂ ಕಡೆ ಸಮವಾದಾಗ ಅದು ಬೀಳುತ್ತದೆ. ಬಟ್ಟಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಈ ಸಂಗತಿಯನ್ನು ರಜೆಯಲ್ಲಿ ಮನೆಗೆ ಬಂದಾಗ ಹೇಳಬೇಕೆಂದುಕೊಂಡವನು ಹೇಳಲಿಲ್ಲ. ಹೇಳುವ ಅಗತ್ಯ ಬಂದಿರಲಿಲ್ಲ.

ಅಗತ್ಯ ಬಂದದ್ದು ನಾನು ಜಮಖಂಡಿಯಲ್ಲಿ ಸಂಸ್ಥಾನದ ಸಾಲಿಯ ಮಾಸ್ತರನಾದ ಮೇಲೆ. ಯುದ್ಧದ ಕಾಲ ಅದು. ಶಿವರಾತ್ರಿಯ ರಜೆಗೆ ಊರಿಗೆ ಬಂದಿದ್ದೆ. ಉಪವಾಸ ಬಿಟ್ಟ ದಿನ ಮಧ್ಯಾಹ್ನ ಅಪ್ಪನಿಗೆ ಹೊಕ್ಕುಳದ ಸುತ್ತ ನೋವು ಶುರುವಾಯಿತು. ನಾನು ಆಗ ಗೆಳೆಯರೊಂದಿಗೆ ರಬಕವಿಯಲ್ಲಿದ್ದೆ, ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಮನೆಗೆ ಬಂದರೆ ಮಗ್ಗ ಸುಮ್ಮನಿತ್ತು. ನಾನು ಹುಟ್ಟಿದಾಗಿನಿಂದ ಹಬ್ಬವಿಲ್ಲದ ದಿನ ಆ ಮಗ್ಗ ಬೆಳಿಗ್ಗೆ ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

ಅಪ್ಪ ಪಡಸಾಲೆಯಲ್ಲಿ ಮಲಗಿದ್ದ. ಮೈ ಸುಡುತ್ತಿತ್ತು. ಎರಡು ಸಲ ವಾಂತಿ ಮಾಡಿಕೊಂಡಿದ್ದ. ಬಲಗಾಲನ್ನು ಮಡಚಿಕೊಂಡೇ ಇದ್ದ, ಅದನ್ನು ಚಾಚಲು ಹೋದರೆ ಮುಖ ಕಿವುಚುತ್ತಿದ್ದ. “ನೋವು ಎಲ್ಲಿ?” ಅಂದರೆ ಹೊಕ್ಕುಳ ತೋರಿಸಲಿಲ್ಲ. ಕೆಳಗೆ, ಬಲಗಡೆ, ತೊಡೆಯ ಸಂದಿಗಿಂತ ಸ್ವಲ್ಪ ಮೇಲೆ ಬೆರಳಿಟ್ಟ.

ಸಾಂಗಲಿಯಲ್ಲಿ ನನ್ನ ಖೋಲಿಯಲ್ಲಿದ್ದ ಹುಡುಗ ಹೀಗೇ ಮಲಗಿದ್ದ, ಹೀಗೇ ಕಾಲು ಮಡಚಿದ್ದ. ನಾವು ಅಜೀರ್ಣ ಅಂದುಕೊಂಡು ಓಮದ ನೀರು ಕುಡಿಸಿದೆವು. ಅವನು ಉಳಿಯಲಿಲ್ಲ. ಆಮೇಲೆ ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ತಿಳಿಸಿ ಹೇಳಿದ್ದರು. ಕರುಳಿಗೆ ಕಿರುಬೆರಳಿನಷ್ಟು ಒಂದು ಬಾಲ ಇರುತ್ತದೆ, ಅದು ಕೀವು ತುಂಬಿ ಉಬ್ಬುತ್ತದೆ. ಒಡೆಯುವ ಮೊದಲೇ ಕೊಯ್ದು ತೆಗೆಯಬೇಕು. ಒಡೆದರೆ ಕೀವು ಹೊಟ್ಟೆ ತುಂಬ ಹರಡುತ್ತದೆ. “ಒಡೆದ ಗಳಿಗೆಯಲ್ಲಿ ನೋವು ಒಮ್ಮೆಲೇ ಹಗುರಾಗುತ್ತದೆ. ಮನೆಯವರು ಖುಷಿಪಡುತ್ತಾರೆ. ನೀವು ಖುಷಿಪಡಬೇಡಿ” ಅಂದಿದ್ದರು.

ಅತ್ತೆ ಆಗಲೇ ಹಿಟ್ಟು ನಾದುತ್ತಿದ್ದಳು.

“ನಿನ್ನಿ ಹೊತ್ತ ಮುಳುಗೂ ಮುಂದ ಒಮ್ಮಿ ಹಚ್ಚೇನಿ. ಗಪ್ಪನ ಹಿಡೀತು. ಬಟ್ಟಿನ ಸರದೈತಿ. ಇವತ್ತ ಇನ್ನೊಮ್ಮಿ ಹಚ್ಚಿದ್ನೆಂದ್ರ ಹಗರ ಆಗತಾನ” ಅಂದಳು.

“ಅತ್ತಿ, ಹಚ್ಚಬ್ಯಾಡ. ಇದು ಬಟ್ಟಿ ಅಲ್ಲ. ಇವತ್ತ ಇವನ್ನ ಮಿರಜಿಗೆ ಒಯ್ಯಬೇಕು.”

“ಬಟ್ಟಿ ಅಲ್ಲಂದ್ರ ತಂಬಿಗಿ ಹೆಂಗ ಹಿಡೀತು?”

“ತಂಬಿಗಿ ಯಾರ ಹೊಟ್ಟಿಗೆ ಹಚ್ಚಿದ್ರೂ ಹಿಡೀತೈತಿ. ಅದು ಎಳಿಯೂದಿಲ್ಲ. ಹೊರಗಿನ ಗಾಳಿ ಅದನ್ನ ಒತ್ತಿ ಹಿಡದಿರತೈತಿ.”

ಅತ್ತೆ ನಾದುವುದನ್ನು ನಿಲ್ಲಿಸಿ ಅವ್ವನ ಕಡೆ ತಿರುಗಿದಳು. “ಕೇಳಿದೇನ ನಿನ್ನ ಮಗನ ಮಾತು? ಗಾಳಿ ಒತ್ತತೈತೆಂತ! ತಲಿ ಬೆಳ್ಳಗಾಗೂತನಕಾ ಹಚ್ಚೇನಿ, ಒಂದಿನಾನೂ ಆ ಗಾಳಿ ಬಂದು, ಯವ್ವಾ ನಾನ ಒತ್ತಾಕತ್ತೇನಿ ಅಂತ ನನಗ ಹೇಳ್ಲಿಲ್ಲ ನೋಡ.”

ನೋಡಲು ಬಂದಿದ್ದ ಓಣಿಯವರು ನಕ್ಕರು. ಅಪ್ಪನೂ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. “ನಗಸಬ್ಯಾಡ್ರೋ ಮಾರಾಯ್ರ್ಯಾ, ಹರದಂಗ ಆಗತೈತಿ” ಅಂದ.

ನಾನು ಅಂಗಿ ಕಳಚಿ ಅಪ್ಪನ ಪಕ್ಕದಲ್ಲೇ ಅಂಗಾತ ಮಲಗಿದೆ. “ನನಗ ಹೊಟ್ಟಿನೋವಿಲ್ಲ. ನನಗ ಹಚ್ಚು. ಹಿಡೀತೋ ಇಲ್ಲೋ ನೋಡೂನು.”

ಅತ್ತೆ ಹಚ್ಚಿದಳು. ದೀಪ ಆರಿತು. ತಂಬಿಗೆ ನನ್ನ ಹೊಟ್ಟೆಗೆ ಕಚ್ಚಿಕೊಂಡಿತು. ನಾನು ಎದ್ದು ಕೂತೆ, ಅದು ಬೀಳಲಿಲ್ಲ. ಗೆದ್ದೆ ಅಂದುಕೊಂಡೆ.

“ಅಯ್ಯ ನನ್ನ ಶಿವನ!” ಎಂದು ಅತ್ತೆ ಗಲ್ಲಕ್ಕೆ ಕೈ ಹಚ್ಚಿದಳು. “ನಿನಗೂ ಸರದೈತ್ಲೋ ತಮ್ಮಾ! ಸಾಲ್ಯಾಗ ದಿನಾ ನಿಂತ ನಿಂತ ಒದರತಿ, ಸರೀದ ಏನಾದೀತು? ಹೇಳೂದಿಲ್ಲೇನ ನನಗ?”

ಓಣಿಯವರ ಮುಂದೆ ನಾನು ಹೊಟ್ಟೆಯ ಮೇಲೆ ತಂಬಿಗೆ ಇಟ್ಟುಕೊಂಡು ಕೂತಿದ್ದೆ. ಅವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಬಿ.ಎಸ್ಸಿ.ಗೂ ಬಟ್ಟಿ ಸರಿಯುತ್ತದೆ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಕಂಠದ ಬದಿಯಲ್ಲಿ ಬೆರಳಿನಿಂದ ಚರ್ಮ ಅದುಮಿದೆ. ಗಾಳಿ ಒಳಹೊಕ್ಕು ತಂಬಿಗೆ ಕಳಚಿತು. ಅದನ್ನು ಯಾರೂ ಗಮನಿಸಲೂ ಇಲ್ಲ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಪ್ಪ ನನ್ನ ಕಣ್ಣೆದುರಿಗೇ ಕಾಲು ಮಡಚಿಕೊಂಡು ಮಲಗಿದ್ದಾನೆ, ನಾನು ಇಲ್ಲಿ ವಾದ ಮಾಡುತ್ತಿದ್ದೇನೆ. ಅಡುಗೆಮನೆಯ ಮೂಲೆಯಲ್ಲಿ ಅವ್ವ ಸಂಡಿಗೆಗೆಂದು ಇಟ್ಟಿದ್ದ ಬೂದುಗುಂಬಳಕಾಯಿ ಕಂಡಿತು. ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟೆ. ಅತ್ತೆಯ ಹಿಟ್ಟನ್ನೇ ತೆಗೆದುಕೊಂಡು ಅದರ ಮೇಲೆ ಬಳೆಯ ಹಾಗೆ ಸುತ್ತಲೂ ಹಚ್ಚಿದೆ, ಸಂದಿ ಉಳಿಯಬಾರದೆಂದು. ನಡುವೆ ಹಣತೆ ಉರಿಸಿ ತಂಬಿಗೆ ಬೋರಲು ಹಾಕಿ ಒತ್ತಿದೆ. ಸ್ವಲ್ಪ ತಡೆದು ತಂಬಿಗೆಯ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಮೇಲೆತ್ತಿದೆ. ಕುಂಬಳಕಾಯಿ ಅದಕ್ಕೆ ಜೋತುಕೊಂಡು ನೆಲ ಬಿಟ್ಟು ಬಂತು.

ಓಣಿಯವರು ಬಗ್ಗಿ ನೋಡಿದರು.

“ಅತ್ತಿ, ಈ ಕುಂಬಳಕಾಯಿಗೂ ಬಟ್ಟಿ ಸರದೈತೇನು?”

ಮೊದಲು ನಕ್ಕವಳು ಅವ್ವ. ಆಮೇಲೆ ಎಲ್ಲರೂ. ಅತ್ತೆ ಮಾತ್ರ ನಗಲಿಲ್ಲ. ಕಾಯಿಯನ್ನು ಎರಡೂ ಕಡೆಯಿಂದ ತಿರುಗಿಸಿ ತಿರುಗಿಸಿ ನೋಡಿದಳು. “ಕಾಯಿ ಬ್ಯಾರೆ, ಮನಿಶಾ ಬ್ಯಾರೆ” ಅಂದಳು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ನಾನು ಆಕೆಯ ಹತ್ತಿರ ಕೂತು ಮೆತ್ತಗೆ ಹೇಳಿದೆ: “ಒಳಗ ಕೀವು ತುಂಬಿದ ಗುಳ್ಳಿ ಐತಿ ಅಂತ ತಿಳಕೋ. ನೀ ತಂಬಿಗಿ ಹಚ್ಚಿದ್ರ ಮ್ಯಾಲಿನ ಒತ್ತು ಹೋಗತೈತಿ. ಒಳಗಿಂದು ಮ್ಯಾಲ ನುಗ್ಗತೈತಿ. ಗುಳ್ಳಿ ಒಡದ್ರ ಅಪ್ಪ ಉಳಿಯೂದಿಲ್ಲ.”

ಅಪ್ಪ ಎಲ್ಲವನ್ನೂ ನೋಡುತ್ತ ಮಲಗಿದ್ದ. “ಅಕ್ಕಾ, ಕುಂಬಳಕಾಯಿಗೆ ನಾವ ಸೋತ್ವಿ ಬಿಡ” ಅಂದ. “ಅಂವಾ ಕಲತ ಬಂದಾನ. ಗಾಡಿ ಹೂಡ್ರಿ, ಹೋಗಿ ಬರೂನು.”

“ನಾನೂ ಬರತೇನಿ. ನನ್ನ ತಮ್ಮನ್ನ ಕೊಯ್ಯೂ ಮುಂದ ಯಾರರ ನಮ್ಮವರು ಅಲ್ಲಿರಬೇಕು” ಅಂದಳು ಅತ್ತೆ. ನಾನು ನಮ್ಮವನಲ್ಲವೇ ಎಂದು ಕೇಳಬೇಕೆನಿಸಿತು.

ಮೋಟಾರುಗಳಿಗೆ ಆಗ ಎಣ್ಣೆ ಸಿಗುತ್ತಿರಲಿಲ್ಲ. ಪಕ್ಕದ ಮನೆಯ ರೈತ ತನ್ನ ಗಾಡಿ ಹೂಡಿದ. ಕುಡಚಿಯವರೆಗೆ ಗಾಡಿ, ಅಲ್ಲಿಂದ ಮಿರಜಿಗೆ ರೈಲು. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಅಪ್ಪನನ್ನು ಮಲಗಿಸಿದೆವು. ಅತ್ತೆ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವ್ವ ಬುತ್ತಿಯ ಗಂಟು ಕೊಟ್ಟು, ಗಾಡಿಯ ಜೊತೆ ಊರ ಹೊರಗಿನವರೆಗೂ ಬಂದು ನಿಂತಳು.

ತೇರದಾಳ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಜೋಳ ಕಿತ್ತ ಹೊಲಗಳು ಎರಡೂ ಕಡೆ ಬೋಳಾಗಿದ್ದವು. ಕರಿನೆಲದ ದಾರಿಯಲ್ಲಿ ಗಾಲಿಗಳು ಹಳ್ಳಕ್ಕೆ ಬಿದ್ದಾಗಲೆಲ್ಲ ಅಪ್ಪ ‘ಹಾ’ ಎನ್ನುತ್ತಿದ್ದ. ಆಮೇಲಾಮೇಲೆ ಹಳ್ಳ ಬರುವ ಮೊದಲೇ ಅನ್ನತೊಡಗಿದ. ಒಂದು ಬಾವಿಯ ಹತ್ತಿರ ಎತ್ತು ಬಿಟ್ಟೆವು. ನಾನೂ ಗಾಡಿಯವನೂ ಎತ್ತುಗಳಿಗೆ ನೀರು ಕುಡಿಸಲು ಕೆಳಗೆ ಹೋದೆವು. ಬಾವಿಯ ನೀರು ಆಳದಲ್ಲಿತ್ತು, ಸೇದಿ ಸೇದಿ ಕುಡಿಸಲು ಹೊತ್ತು ಹಿಡಿಯಿತು.

ತಿರುಗಿ ಬಂದಾಗ ಎಣ್ಣೆ ಬತ್ತಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ತಂಬಿಗೆ ಕೌದಿಯ ಮೇಲೆ ಉರುಳಿಬಿದ್ದಿತ್ತು. ಕುಡಿಯುವ ನೀರಿಗೆಂದು ತಂದ ತಂಬಿಗೆ ಅದು. ಅದನ್ನು ನಾನೇ ಗಾಡಿಗೆ ಹಾಕಿದ್ದೆ. ಹಿಟ್ಟು, ಬತ್ತಿ, ಎಣ್ಣೆಯ ಕುಪ್ಪಿ ಅತ್ತೆಯ ಕೈಚೀಲದಲ್ಲಿ ಯಾವಾಗಲೂ ಇರುತ್ತಿದ್ದವು. ಅಪ್ಪನ ಹೊಟ್ಟೆಯ ಮೇಲೆ ಕೆಂಪು ದುಂಡು ಗುರುತು. ಅಪ್ಪ ಕಣ್ಣು ಬಿಟ್ಟು ನಗುತ್ತಿದ್ದ.

“ಹೋತಲೇ” ಅಂದ. “ನೋವ ಹೋತು. ಕಡ್ಡಿ ಮುರದಂಗ ಹೋತು.”

“ಅತ್ತಿ, ಏನ ಮಾಡಿದಿ ನೀನು?”

“ನಾನ ಹಚ್ಚಂದೆ” ಎಂದು ಅಪ್ಪನೇ ಹೇಳಿದ. “ಅಕಿ ಒಲ್ಲೆಂದ್ಲು. ಈ ಗಾಡಿ ಕುಲುಕಾಟಕ್ಕ ನನ್ನ ಜೀಂವಾ ಬಾಯಿಗೆ ಬಂದಿತ್ತು. ಕೈ ಮುಗದ ಹಚ್ಚಿಸಿಕೊಂಡೆ. ಬೈಯೂದಿದ್ರ ನನ್ನ ಬೈ.”

ಅತ್ತೆಯ ಮುಖ ಅರಳಿತ್ತು. ಗೆದ್ದ ಮುಖವಲ್ಲ ಅದು, ತಮ್ಮ ಉಳಿದನೆಂಬ ಮುಖ. ಸಾಂಗಲಿಯ ಡಾಕ್ಟರು ಹೇಳಿದ್ದ ಖುಷಿ ಇದೇ.

ಗಾಡಿಯವನು ಎತ್ತುಗಳಿಗೆ ನೊಗ ಹೇರಿ, “ಹಂಗಾರ ಊರಿಗೆ ಹೊಳ್ಳಿಸಲೇನ್ರಿ ಕಾಕಾ?” ಎಂದು ಅಪ್ಪನನ್ನು ಕೇಳಿದ.

“ಹೊಳ್ಳಿಸಪಾ. ಆತಲ್ಲ ಇನ್ನ.”

“ಹೊಳ್ಳಿಸಬ್ಯಾಡ” ಅಂದೆ ನಾನು.

“ಅಪ್ಪಾ ಮಗಾ ಕೂಡಿ ಒಂದ ಮಾತ ಹೇಳ್ರಿ” ಅಂದ ಆತ. “ಎರಡ ದಾರಿಗೆ ಹೋಗಾಕ ಎತ್ತಿಗೆ ಬರೂದಿಲ್ಲ.”

ನಾನು ಖೋಲಿಯ ಹುಡುಗನ ಕತೆ ಹೇಳಿದೆ. ಅವನ ನೋವೂ ಹೀಗೇ ಒಮ್ಮೆಲೇ ಹೋಯಿತು, ನಾವು ನಕ್ಕೆವು, ಚಹಾ ತರಿಸಿ ಕುಡಿದೆವು ಅಂದೆ. “ಸತ್ತವರ ಸುದ್ದಿ ದಾರ್ಯಾಗ ತಗೀಬ್ಯಾಡ” ಎಂದು ಅತ್ತೆ ತಡೆದಳು. ಅಪ್ಪನ ಮುಖದ ಮೇಲಿನ ನಗು ಮಾಯವಾಗಿತ್ತು.

“ನೋವ ನಂದು. ಹೊಟ್ಟಿ ನಂದು” ಅಂದ. “ಬ್ಯಾನಿ ಇದ್ದಾಗ ನಿನ್ನ ಮಾತ ಕೇಳಿದ್ನಿಲ್ಲ? ಈಗ ಹೋಗೈತಿ. ಆರಾಮಿದ್ದಾವನ್ನ ಒಯ್ದು ಕೊಯ್ಸತೀಯೇನು? ನಿನ್ನ ಪುಸ್ತಕ ಖರೆ ಆಗಬೇಕಂತ?”

ಮನೆಯಲ್ಲಿ ನನ್ನ ಹತ್ತಿರ ಕುಂಬಳಕಾಯಿ ಇತ್ತು. ಇಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಕಾಣುವುದೆಲ್ಲ ಅತ್ತೆಯ ಕಡೆಗಿತ್ತು. ತಂಬಿಗೆ ಹಚ್ಚಿದಳು, ತಂಬಿಗೆ ಬಿತ್ತು, ನೋವು ಹೋಯಿತು. ಯಾರು ಬೇಕಾದರೂ ನೋಡಬಹುದು. ನಾನು ಹೇಳುವುದು ಮಾತ್ರ ಅವನ ಹೊಟ್ಟೆಯ ಒಳಗಿತ್ತು. ನಾನು ಹೇಳಿದ್ದು ಸುಳ್ಳಾಗಿರಲೂ ಸಾಧ್ಯವಿತ್ತು. ಅದು ನನಗೂ ಹೊಳೆಯಿತು. ಅಪ್ಪನ ನಾಡಿ ಹಿಡಿದೆ. ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟೆ. ಹಲಗೆಯಂತೆ ಬಿರುಸಾಗಿತ್ತು.

“ಆರಾಮ ಆಗಿದ್ರ ಕಾಲ ಚಾಚ, ನೋಡೂನು” ಅಂದೆ.

ಅವನು ಚಾಚಲಿಲ್ಲ. ಚಾಚಲಾಗಲಿಲ್ಲವೋ, ನನ್ನ ಮೇಲಿನ ಹಟಕ್ಕೆ ಚಾಚಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಮುಖ ಆ ಕಡೆ ತಿರುಗಿಸಿ, “ಹೊಳ್ಳಿಸಪಾ ಗಾಡಿ” ಎಂದು ಇನ್ನೊಮ್ಮೆ ಹೇಳಿದ.

ನಾನು ಮುಂದೆ ಹತ್ತಿ ಕೂತು ಗಾಡಿಯವನ ಕೈಯಿಂದ ಹಗ್ಗ, ಬಾರುಕೋಲು ಎರಡನ್ನೂ ಕಸಿದುಕೊಂಡೆ. ಎತ್ತುಗಳನ್ನು ಕುಡಚಿಯ ಕಡೆಗೇ ಹೊಡೆದೆ. ಗಾಡಿಯವನು ಒಂದಷ್ಟು ದೂರ ಪಕ್ಕದಲ್ಲೇ ಓಡುತ್ತ ಬಂದು, ಆಮೇಲೆ ಹಿಂದಿನಿಂದ ಹತ್ತಿಕೊಂಡ. ಅಪ್ಪ ಬೈದ. ನನ್ನನ್ನು ಅವನು ಹಾಗೆ ಬೈದದ್ದು ಅದೇ ಮೊದಲು. ಊರಿನಲ್ಲಿ ನಾಲ್ಕು ಜನ ಕೂತಲ್ಲಿ ನನ್ನ ಹೆಸರಿನ ಹಿಂದೆ ‘ಮಾಸ್ತರ’ ಎಂದು ತಾನೇ ಸೇರಿಸಿ ಕರೆಯುತ್ತಿದ್ದವನು. ನಾನು ಹಿಂದೆ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. ಕುಡಚಿ ಇನ್ನೂ ದೂರವಿರುವಾಗಲೇ ಹಿಂದಿನಿಂದ ನರಳುವ ಸದ್ದು ಶುರುವಾಯಿತು. ಈ ಸಲ ನೋವು ಒಂದು ಜಾಗದಲ್ಲಿರಲಿಲ್ಲ, ಇಡೀ ಹೊಟ್ಟೆಯಲ್ಲಿತ್ತು. “ಯಣ್ಣಾ, ಜೋರ ಹೊಡಿ” ಎಂದು ಅತ್ತೆ ಕೂಗಿದಳು. ಗಾಡಿಯವನಿಗೆ ಹೇಳಿದಳೋ ನನಗೋ ತಿಳಿಯಲಿಲ್ಲ. ನಾನು ಹೊಡೆದೆ.

ಸಂಜೆಯ ರೈಲು ಸಿಕ್ಕಿತು. ಕೃಷ್ಣೆಯ ಸೇತುವೆಯ ಮೇಲೆ ಅತ್ತೆ ಹೊಳೆಗೆ ಕೈ ಮುಗಿದಳು. ಮಿರಜಿನಲ್ಲಿ ಪರದೇಶದ ಡಾಕ್ಟರೊಬ್ಬರು ಇದ್ದರು, ಮರಾಠಿ ಚೆನ್ನಾಗಿ ಆಡುತ್ತಿದ್ದರು. ಹೊಟ್ಟೆ ಮುಟ್ಟಿ ನೋಡಿದ ಕೂಡಲೇ ಕೊಯ್ಯಬೇಕು ಅಂದರು. ಅಪ್ಪನ ಒಪ್ಪಿಗೆ ಕೇಳು ಅಂದರು. ನಾನು ಕನ್ನಡದಲ್ಲಿ ಕೇಳಿದೆ.

ಅಪ್ಪ ನನ್ನನ್ನು ನೋಡಲಿಲ್ಲ. ಡಾಕ್ಟರಿಗೆ ತಿಳಿಯದ ಭಾಷೆಯಲ್ಲಿ ಡಾಕ್ಟರಿಗೇ ಹೇಳಿದ: “ಅವನ್ನ ಕೇಳ್ರಿ. ಇಲ್ಲೀತನಕಾ ತಂದಾವ ಅಂವ.”

ಇದನ್ನು ನಾನು ಮರಾಠಿಗೆ ತಿರುಗಿಸುವಾಗ, “ಒಪ್ಪಿದ್ದಾನೆ” ಎಂದಷ್ಟೇ ಹೇಳಿದೆ.

ಅಂದು ರಾತ್ರಿಯೇ ಕೊಯ್ದರು. ಗುಳ್ಳೆ ಒಡೆದಿತ್ತು. ಕೀವು ಹರಡಿತ್ತು, ಆದರೆ ಎಲ್ಲ ಕಡೆಗೂ ಇನ್ನೂ ಹೋಗಿರಲಿಲ್ಲ. ಹೊಟ್ಟೆಗೆ ರಬ್ಬರಿನ ನಳಿಗೆ ಇಟ್ಟು ಹೊಲಿದಿದ್ದರು. ಮರುದಿನ ಡಾಕ್ಟರು, “ಇವತ್ತು ಬೆಳಗಿನವರೆಗೆ ತಡವಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಈಗಲೂ ಭರವಸೆ ಕೊಡಲಾರೆ” ಅಂದರು. ಅತ್ತೆ ನನ್ನ ಅಂಗಿಯ ತೋಳು ಜಗ್ಗಿದಳು.

“ಒಂದ ಮಾತ ಕೇಳ ಅವರ್ನ. ನಾ ತಂಬಿಗಿ ಹಚ್ಚಿದ್ದಕ್ಕ ಒಡೀತೇನು?”

“ಈಗ್ಯಾಕ ಅದು, ಅತ್ತಿ?”

“ಕೇಳಂದ್ರ ಕೇಳು.”

ನಾನು ಕೇಳಿದೆ. ತಂಬಿಗೆ ಹಚ್ಚುವ ರೀತಿಯನ್ನು ಕೈಸನ್ನೆ ಮಾಡಿ ವಿವರಿಸಿದೆ. ಡಾಕ್ಟರು ತಲೆ ಆಡಿಸುತ್ತ ಕೇಳಿಸಿಕೊಂಡರು. ಹೊರಗಿನ ಒತ್ತಡ ಕಡಿಮೆಯಾದದ್ದರಿಂದ ಒಡೆದಿರಬಹುದು, ಗಾಡಿಯ ಕುಲುಕಾಟಕ್ಕೆ ಒಡೆದಿರಬಹುದು, ಎರಡೂ ಇಲ್ಲದೆ ತಾನಾಗಿಯೂ ಒಡೆದಿರಬಹುದು, ಅಷ್ಟು ಹಣ್ಣಾಗಿತ್ತು ಅದು ಅಂದರು. ಹೇಳಲು ಬರುವುದಿಲ್ಲ ಅಂದರು.

ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. “ತಂಬಿಗೆಯಿಂದ ಅಲ್ಲ” ಎಂದು ಹೇಳಿಬಿಡಬಹುದಿತ್ತು, ಆಕೆಗೆ ಮರಾಠಿ ಬರುತ್ತಿರಲಿಲ್ಲ. ನಾನು ಮೂರನ್ನೂ ಹೇಳಿದೆ, ಡಾಕ್ಟರು ಹೇಳಿದ ಸಾಲಿನಲ್ಲೇ.

ಆಕೆ ನನ್ನ ಅಂಗಿಯ ತೋಳು ಬಿಟ್ಟಳು. “ಖರೆ ಹೇಳಿದಿ” ಅಂದಳು ಕಡೆಗೆ. “ಸುಳ್ಳ ಹೇಳತಿ ಅನ್ಕೊಂಡಿದ್ದೆ.”

ಅಪ್ಪ ಉಳಿದ. ಜ್ವರ ಬಿಟ್ಟು ಬಂದು ಬಿಟ್ಟು ಬಂದು, ಗಾಯ ಒಸರಿ ಒಸರಿ, ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಗೆ ಕರೆತಂದೆವು. ಕೊಯ್ದ ಜಾಗ ಕೂಡಿತು, ಆದರೆ ಗಟ್ಟಿಯಾಗಲಿಲ್ಲ. ಕೆಮ್ಮಿದರೆ ಅಲ್ಲಿ ಮುಷ್ಟಿಯಷ್ಟು ಉಬ್ಬುತ್ತಿತ್ತು. ಒಳಗಿನದು ಹೊರಕ್ಕೆ ಒತ್ತುತ್ತದೆ, ತಡೆಯುವ ಗೋಡೆ ಅಲ್ಲಿ ತೆಳುವಾಗಿದೆ. ನನಗೆ ಅದು ಅರ್ಥವಾಗುತ್ತಿತ್ತು, ಅರ್ಥವಾಗಿ ಏನೂ ಉಪಯೋಗವಿರಲಿಲ್ಲ. ಅಪ್ಪ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದ. ಮಗ್ಗದ ಕುಣಿಗೆ ಇಳಿದು ಕಾಲಿನಿಂದ ತುಳಿಯುವುದು ಮುಗಿಯಿತು. ಬೇರೊಬ್ಬ ನೇಕಾರ ನಮ್ಮ ಮನೆಗೆ ಬಂದು ಆ ಮಗ್ಗದಲ್ಲಿ ಕೂತ.

ಓಣಿ ಎರಡಾಯಿತು. ಮಗ ಅಪ್ಪನನ್ನು ಸಾವಿನ ಬಾಯಿಂದ ತಂದ ಅಂದವರು ಅರ್ಧ. ಇನ್ನರ್ಧ, ನೋವು ದಾರಿಯಲ್ಲೇ ಹೋಗಿತ್ತು, ಗುಣವಾದವನನ್ನು ಒಯ್ದು ಕೊಯ್ಸಿ ಕೆಲಸಕ್ಕೆ ಬಾರದ ಹಾಗೆ ಮಾಡಿದ ಅಂದರು. ಅವರ ಬಾಯಿ ಮುಚ್ಚಿಸಲು ನಾನು ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಒಬ್ಬನ ಮಾತು. ಅಪ್ಪ ನನ್ನೊಂದಿಗೆ ಮಾತಾಡುತ್ತಿದ್ದ, ಉಣ್ಣುತ್ತಿದ್ದ, ಸಾಲಿಯ ಸುದ್ದಿ ಕೇಳುತ್ತಿದ್ದ. ಆ ಗಾಡಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ‘ಮಾಸ್ತರ’ ಎಂದೂ ಕರೆಯುತ್ತಿರಲಿಲ್ಲ.

ದೀಪಾವಳಿಯ ರಜೆಯಲ್ಲಿ ಒಂದು ಮಧ್ಯಾಹ್ನ ಅವನು ಹೊರಗಿನ ಕಟ್ಟೆಯ ಮೇಲೆ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದ. ಒಳಗೆ ಇನ್ನೊಬ್ಬನ ಕಾಲಿನ ತುಳಿತಕ್ಕೆ ಮಗ್ಗ ಬಡಿದುಕೊಳ್ಳುತ್ತಿತ್ತು. ನಾನು ಪಕ್ಕದಲ್ಲಿ ಕೂತೆ.

“ಯಪ್ಪಾ, ನನ್ನ ಮ್ಯಾಲ ಸಿಟ್ಟೈತೇನು?”

ಅವನು ಎಳೆಯಿಂದ ಕಣ್ಣು ತೆಗೆಯಲಿಲ್ಲ. “ಐತಿ” ಅಂದ.

“ಕೊಯ್ಸಿದ್ದಕ್ಕೇನು?”

“ಕೊಯ್ಸಿದ್ದಕ್ಕ ಯಾಕ ಸಿಟ್ಟು? ಜೀಂವ ಐತಲ್ಲ, ಕುಂತೇನಲ್ಲ ಇಲ್ಲಿ.” ಒಂದು ಗಂಟು ಬಿಡಿಸಿ ಮುಂದಿನದನ್ನು ಹಿಡಿದ. “ಗಾಡಿಯಾಂವನ ಮುಂದ, ಅಕ್ಕನ ಮುಂದ, ನಾ ಹೊಳ್ಳಿಸಂದೆ. ನೀ ಹಗ್ಗ ಕಸಗೊಂಡಿ. ನಾ ಸತ್ತಾಂವ ಅನ್ನೂವಂಗ ನನ್ನ ಹೇರಿಕೊಂಡ ಹೊಂಟಿ. ಅದಕ್ಕ ಸಿಟ್ಟೈತಿ.”

“ಹೊಳ್ಳಿಸಿದ್ರ ಖರೇನ ಸಾಯ್ತಿದ್ದಿ, ಯಪ್ಪಾ.”

“ಹೌದು. ಗೊತ್ತೈತಿ.” ಅವನು ಈಗ ನನ್ನನ್ನು ನೋಡಿದ. “ಗೊತ್ತಿದ್ರ ಸಿಟ್ಟ ಹೋಗತೈತೇನು?”

ಇನ್ನೊಮ್ಮೆ ಅದೇ ದಾರಿಯಲ್ಲಿ ಅದೇ ಗಳಿಗೆ ಬಂದರೂ ನಾನು ಹಗ್ಗ ಕಸಿದುಕೊಳ್ಳುತ್ತೇನೆ. ಅದನ್ನು ಅವನಿಗೆ ಹೇಳಿದೆ ಕೂಡ. ಅವನು ಹೂಂ ಅಂದ. ಒಳಗೆ ಮಗ್ಗ ನಿಂತಿತು, ಅವ್ವ ಊಟಕ್ಕೆ ಕರೆದಳು. ಅಪ್ಪ ಹೊಟ್ಟೆಯ ಮೇಲೊಂದು ಕೈ ಒತ್ತಿ ಹಿಡಿದು ಏಳಲು ನೋಡಿದ. ನಾನು ತೋಳು ಕೊಡಲು ಹೋದೆ. “ಬಿಡ, ನಾನ ಏಳತೇನಿ” ಅಂದ. ಹೊತ್ತು ಹಿಡಿಯಿತು, ಆದರೆ ತಾನೇ ಎದ್ದ. ಅವನು ಒಳಗೆ ಹೋಗುವವರೆಗೆ ನಾನು ನಿಂತಿದ್ದು, ಹಿಂದಿನಿಂದ ಹೋದೆ.